ವಾರಕ್ಕೆ 16 ತಾಸು ತರಬೇತಿ, ಜೊತೆಗೆ ಓದು: ಲೆಕ್ಕ ಎಲ್ಲಿ ತಪ್ಪುತ್ತೆ?

(ಇದೊಂದು ಚರ್ಚೆ. ಪ್ರತಿ ಮಾತಿನ ಮೇಲಿರೋದು ಮಾತಾಡಿದವರ ಅಡ್ಡಹೆಸರು: ಚಾಕ್‌ಪೀಸ್ ಮೇಷ್ಟ್ರು, ಮಂಡಿಚಿಪ್ಪು ಫಿಸಿಯೋ, ಸ್ಟಾಪ್‌ವಾಚ್ ಕೋಚ್.)

ಲೇನ್ ನಾಲ್ಕು

ನೇರ ವಿಷಯಕ್ಕೆ ಬರ್ತೀನಿ. 15 ವರ್ಷದ ಈಜುಪಟು ಅಂತ ಇಟ್ಟುಕೊಳ್ಳಿ. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 2 ತಾಸು, ಅದರಲ್ಲಿ ಎರಡು ದಿನ ಬೆಳಗ್ಗೆಯೂ ಒಂದೂವರೆ ತಾಸು, ಶನಿವಾರ 3 ತಾಸು. ಒಟ್ಟು 16. ಭಾನುವಾರ ರಜೆ. ಶಾಲೆಗೆ ಹೋಗಿಬರೋದೂ ಸೇರಿ ದಿನಕ್ಕೆ ಏಳೂವರೆ ತಾಸು. ಕಾಗದದ ಮೇಲೆ ನೋಡಿದರೆ ಸಮಯ ಬೇಕಾದಷ್ಟಿದೆ. ಆದರೂ ಹೋಂವರ್ಕ್ ಬಾಕಿ ಬೀಳುತ್ತೆ, ಟೆಸ್ಟ್‌ನಲ್ಲಿ ಅಂಕ ಇಳಿಯುತ್ತೆ. "ಟೈಮ್ ಸರಿಯಾಗಿ ಹೊಂದಿಸ್ಕೋ" ಅನ್ನೋ ಬುದ್ಧಿಮಾತು ಬೇಡ. ಯಾವ ದಿನ, ಯಾವ ಹೊತ್ತಿಗೆ, ಏನು ಓದಬೇಕು ಅಂತ ಬಿಡಿಸಿ ಹೇಳೋರು ಬೇಕಾಗಿದ್ದಾರೆ.

ಚಾಕ್‌ಪೀಸ್

ಮೊದಲು ಕೂಡಿ ಕಳೆಯೋಣ. ವಾರಕ್ಕೆ 168 ತಾಸು. ದಿನಕ್ಕೆ 9ರಂತೆ ನಿದ್ದೆ 63. ಶಾಲೆ 37.5. ತರಬೇತಿ 16, ಆದರೆ ಅದು ಬರೀ ನೀರಿನಲ್ಲಿರೋ ಹೊತ್ತು. ಹೋಗೋದು, ಬಟ್ಟೆ ಬದಲಿಸೋದು, ಸ್ನಾನ, ವಾಪಸ್ ಬರೋದು ಅಂತ ಪ್ರತಿ ಸಲಕ್ಕೆ ಇನ್ನೊಂದು ತಾಸು ಬೇಕು. 8 ಸಲಕ್ಕೆ 8, ಅಲ್ಲಿಗೆ 24 ಆಯಿತು. ಊಟ, ಸ್ನಾನ, ಸುಮ್ಮನೆ ಕೂರೋದು ದಿನಕ್ಕೆ ಎರಡೂವರೆಯಂತೆ 17.5. ಎಲ್ಲ ಸೇರಿ 142. ಉಳಿದದ್ದು 26 ತಾಸು. ಅಬ್ಬಾ, ಎಷ್ಟೊಂದು ಇದೆ ಅನ್ನಿಸುತ್ತೆ, ಅಲ್ವಾ?

ಈಗ ಅದನ್ನೇ ದಿನದ ಪ್ರಕಾರ ಬಿಡಿಸಿ. ಸಂಜೆ ಮಾತ್ರ ತರಬೇತಿ ಇರೋ ಮೂರು ದಿನ ತಲಾ 2 ತಾಸು ಸಿಗುತ್ತೆ. ಬೆಳಗ್ಗೆ ಸಂಜೆ ಎರಡೂ ಇರೋ ಎರಡು ದಿನ ಸಿಗೋದು ಮೈನಸ್ ಅರ್ಧ ತಾಸು. ಹೌದು, ಸೊನ್ನೆಗಿಂತ ಕೆಳಗೆ. ಶನಿವಾರ ಎಂಟೂವರೆ, ಭಾನುವಾರ ಹನ್ನೆರಡೂವರೆ. ಅಂದರೆ 26ರಲ್ಲಿ 21 ತಾಸು ವಾರಾಂತ್ಯದಲ್ಲೇ ಇದೆ. ಮೀಟ್‌ಗಳು, ಅಂದರೆ ಈಜು ಸ್ಪರ್ಧೆಗಳು, ನಡೆಯೋದೂ ವಾರಾಂತ್ಯದಲ್ಲೇ. ತಪ್ಪೋದು ಇಲ್ಲಿ, ಹುಡುಗರ ಶಿಸ್ತಿನಲ್ಲಲ್ಲ. ಸರಾಸರಿ ನೋಡಿ ವೇಳಾಪಟ್ಟಿ ಹಾಕಿದವರೆಲ್ಲ ಮೋಸಹೋಗೋದು ಇದೇ ಜಾಗದಲ್ಲಿ.

ಮಂಡಿಚಿಪ್ಪು

ಮೇಷ್ಟ್ರ ಲೆಕ್ಕಕ್ಕೆ ಫಿಸಿಯೋ ಕಡೆಯಿಂದ ಎರಡು ಮಾತು.

ಒಂದು: 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ. ಹದಿಹರೆಯದ ಆಟಗಾರರ ಮೇಲಿನ 2014ರ ಒಂದು ಅಧ್ಯಯನದಲ್ಲಿ, ಸರಾಸರಿ 8 ತಾಸಿಗಿಂತ ಕಡಿಮೆ ಮಲಗೋರಿಗೆ ಪೆಟ್ಟಾಗುವ ಸಂಭವ 1.7 ಪಟ್ಟು ಜಾಸ್ತಿ ಕಂಡಿತ್ತು. ಹಾಗಾಗಿ ಮೈನಸ್ ಅರ್ಧ ತಾಸನ್ನ ನಿದ್ದೆಯಿಂದ ತುಂಬಿಸ್ತೀವಿ ಅಂದರೆ ಸಾಲ ಮಾಡಿದ ಹಾಗೆ, ಅದನ್ನ ತೀರಿಸೋದು ಭುಜ, ಮಂಡಿ.

ಎರಡು: ವಾರದ ತರಬೇತಿಯ ತಾಸುಗಳು ವಯಸ್ಸಿನ ಸಂಖ್ಯೆಯನ್ನ ಮೀರಬಾರದು ಅನ್ನೋದು ಮಕ್ಕಳ ಕ್ರೀಡಾವೈದ್ಯರು ಬಳಸೋ ಒಂದು ಅಂದಾಜು. 15 ವರ್ಷಕ್ಕೆ 16 ಅಂದರೆ ಗೆರೆ ಆಗಲೇ ದಾಟಿದೆ. ಇದು ಕಾನೂನಲ್ಲ, ಎಚ್ಚರದ ಗೆರೆ. ಆದರೆ ಎತ್ತರ ದಿಢೀರ್ ಏರೋ ವರ್ಷದಲ್ಲಿ ಈ ಗೆರೆಯನ್ನ ಗಂಭೀರವಾಗಿ ತಗೊಳ್ಳಿ. ಹುಡುಗಿಯರಲ್ಲಿ ಅದು ಸುಮಾರು 12ಕ್ಕೆ, ಹುಡುಗರಲ್ಲಿ ಸುಮಾರು 14ಕ್ಕೆ ಬರುತ್ತೆ, ಒಬ್ಬೊಬ್ಬರಿಗೆ ಹಿಂದೆ ಮುಂದೆ ಆಗಬಹುದು. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಟ್ಟರೆ ಸಾಕು, ಏರಿಕೆ ಶುರುವಾದದ್ದು ಗೊತ್ತಾಗುತ್ತೆ.

ಸ್ಟಾಪ್‌ವಾಚ್

ಕೋಚ್‌ಗಳ ಪರವಾಗಿ ಒಂದು ಮಾತು ಆಡಲೇಬೇಕು. ಬೆಳಗಿನ ಸೆಷನ್ ಶೋಕಿಗೆ ಇಡೋದಲ್ಲ. ಮೀಟ್‌ನಲ್ಲಿ ಹೀಟ್ಸ್, ಅಂದರೆ ಮೊದಲ ಸುತ್ತಿನ ರೇಸ್‌ಗಳು, ಬೆಳಗ್ಗೆಯೇ ಇರುತ್ತೆ. ಆ ಹೊತ್ತಿಗೆ ಮೈ ಬಿಸಿಯಾಗಿ ವೇಗ ಬರಬೇಕಾದರೆ ಅಭ್ಯಾಸ ಬೇಕು.

ಚಾಕ್‌ಪೀಸ್

ಒಪ್ಪಿದೆ ಸರ್. ಆದರೆ ಆ ಅಭ್ಯಾಸ ಮೀಟ್‌ಗೆ ಹತ್ತಿರದ ಕೆಲವು ವಾರಗಳಿಗೆ ಸಾಕಲ್ವಾ? ವರ್ಷಪೂರ್ತಿ ಯಾಕೆ? ಬೆಳಗ್ಗೆ ಲೇನ್ ಖಾಲಿ ಸಿಗುತ್ತೆ ಅನ್ನೋದೇ ನಿಜವಾದ ಕಾರಣ ಆಗಿರುತ್ತೆ ಬಹಳ ಕಡೆ. 5:30ಕ್ಕೆ ನೀರಿಗಿಳಿಯಬೇಕಾದರೆ 4:50ಕ್ಕೆ ಏಳಬೇಕು. 9 ತಾಸು ಹಿಂದಕ್ಕೆ ಎಣಿಸಿ, ಹಿಂದಿನ ರಾತ್ರಿ 7:50ಕ್ಕೆ ನಿದ್ದೆ ಹತ್ತಿರಬೇಕು. ಸಂಜೆಯ ಸೆಷನ್ ಮುಗಿಯೋದೇ 7ಕ್ಕೆ. ಇನ್ನು ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗುತ್ತೆ, ಬೇಗ ಮಲಗಿದರೂ ಕಣ್ಣು ಮುಚ್ಚಲ್ಲ. ಅದನ್ನ ಸೋಮಾರಿತನ ಅನ್ನಬೇಡಿ.

ಸ್ಟಾಪ್‌ವಾಚ್

ಲೇನ್ ವಿಷಯ ಸುಳ್ಳಲ್ಲ ಬಿಡಿ. ಮಾಡಬಹುದಾದ್ದು ಹೇಳ್ತೀನಿ. ಎರಡು ಬೆಳಗಿನ ಸೆಷನ್ ಬೆನ್ನಿಗೆ ಬೆನ್ನು ಹಾಕಬೇಡಿ, ನಡುವೆ ಕನಿಷ್ಠ ಒಂದು ದಿನ ಬಿಡಿ. ಬೆಳಗಿನ ಸೆಷನ್ನಿನ ಹಿಂದಿನ ಸಂಜೆ ಹಗುರ ತಾಂತ್ರಿಕ ಅಭ್ಯಾಸ ಇಡಿ. ಕಠಿಣ ಸೆಟ್ ಆದ ರಾತ್ರಿ ನಿದ್ದೆ ಇನ್ನೂ ತಡವಾಗುತ್ತೆ. ಆಫ್‌ ಸೀಸನ್ನಿನಲ್ಲಿ ಒಂದು ಬೆಳಗನ್ನ ತೆಗೆದು, ಅದರ ಅರ್ಧದಷ್ಟು ಕೆಲಸವನ್ನ ಸಂಜೆಯ ಕೊನೆಗೆ 40 ನಿಮಿಷದ ಡ್ರೈಲ್ಯಾಂಡ್ (ನೀರಿನ ಹೊರಗಿನ ವ್ಯಾಯಾಮ) ಆಗಿ ಜೋಡಿಸಬಹುದು. ಒಂದು ಸೆಷನ್ ಕಡಿಮೆಯಾದರೆ ಹೋಗಿಬರೋ ಆ ಒಂದು ತಾಸೂ ಉಳಿಯುತ್ತೆ, ಪಾಲಕರು ಗಮನಿಸದ ಲಾಭ ಅದು.

ಲೇನ್ ನಾಲ್ಕು

ಬೆಳಗಿನ ಸೆಷನ್ ತೆಗೆಯೋಕೆ ಆಗಲ್ಲ ಅಂದರೆ?

ಚಾಕ್‌ಪೀಸ್

ಹಾಗಾದರೆ ಆ ಎರಡು ದಿನ ಮನೆಯಲ್ಲಿ ಓದು ಸೊನ್ನೆ ಅಂತಲೇ ಬರೆದುಬಿಡಿ. "ಸ್ವಲ್ಪ ಓದ್ಕೋ" ಅಂತ ಬರೆದರೆ ರಾತ್ರಿ 10:30ರವರೆಗೆ ಪುಸ್ತಕದ ಮುಂದೆ ತೂಕಡಿಸ್ತಾರೆ. ಓದೂ ಇಲ್ಲ, ನಿದ್ದೆಯೂ ಇಲ್ಲ. ಆ ದಿನದ ಹೋಂವರ್ಕ್ ಶಾಲೆಯಲ್ಲೇ, ಬಿಡುವಿನ ಪೀರಿಯಡ್‌ನಲ್ಲಿ ಮುಗಿದರೆ ಮುಗೀತು, ಇಲ್ಲವಾದರೆ ಮರುದಿನಕ್ಕೆ.

ಒಟ್ಟು ಓದಿಗೆ ವಾರಕ್ಕೆ 12 ತಾಸು ಬೇಕು ಅಂತ ಇಟ್ಟುಕೊಂಡರೆ ಹಂಚಿಕೆ ಹೀಗೆ: ಒಂದೇ ಸೆಷನ್ ಇರೋ ಮೂರು ದಿನ ತಲಾ ಒಂದೂವರೆ, ಅದು ನಾಲ್ಕೂವರೆ. ಶನಿವಾರ ಎರಡೂವರೆ, ಆದರೆ ತರಬೇತಿ, ಊಟ, ಒಂದು ಸಣ್ಣ ನಿದ್ದೆ ಇಷ್ಟೂ ಆದಮೇಲೆ. ಭಾನುವಾರ 5, ಬೆಳಗ್ಗೆ ಮೂರು, ಸಂಜೆ ಎರಡು. ಭಾನುವಾರ ಹನ್ನೆರಡೂವರೆ ತಾಸು ಸಿಗುತ್ತೆ ಅಂತ ಅಷ್ಟನ್ನೂ ತುಂಬಿಸೋ ದುರಾಸೆ ಬೇಡ. ಒಂದೇ ಒಂದು ಖಾಲಿ ದಿನ ಅದು, ಗೆಳೆಯರೂ ಬೇಕಲ್ಲ.

ಇನ್ನು ಒಂದೂವರೆ ತಾಸಿನಲ್ಲಿ ಏನು? ಸಂಜೆ ತರಬೇತಿ ಮುಗಿಸಿ ಬಂದವರಿಗೆ ಹೊಸ ಅಧ್ಯಾಯ ಕೊಡಬೇಡಿ. ಹೊಸ ಗಣಿತ, ಹೊಸ ಭೌತವಿಜ್ಞಾನ ಭಾನುವಾರ ಬೆಳಗ್ಗೆಗೆ. ವಾರದ ನಡುವೆ ಮೊದಲ 40 ನಿಮಿಷ ನಾಳೆ ಒಪ್ಪಿಸಬೇಕಾದ ಬರವಣಿಗೆ, 10 ನಿಮಿಷ ಎದ್ದು ಓಡಾಟ, ಆಮೇಲೆ 25 ನಿಮಿಷ ನೆನಪಿನ ಕೆಲಸ: ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಇವತ್ತಿನ ಪಾಠ ಬರೆಯೋದು, ತೆರೆದು ಬಿಟ್ಟುಹೋದದ್ದನ್ನ ಬೇರೆ ಬಣ್ಣದ ಪೆನ್ನಲ್ಲಿ ಸೇರಿಸೋದು. ಮೂರು ದಿನ ಬಿಟ್ಟು ಆ ಬೇರೆ ಬಣ್ಣದ್ದನ್ನ ಮಾತ್ರ ಮತ್ತೆ ಕೇಳಿಕೊಂಡರೆ ಆಯಿತು. ಉಳಿದ 15 ನಿಮಿಷ ಬ್ಯಾಗ್ ಜೋಡಿಸೋಕೆ, ಶಾಲೆಯದ್ದೂ ಕೊಳದ್ದೂ ರಾತ್ರಿಯೇ.

ಸುಮ್ಮನೆ ನೋಟ್ಸ್ ತಿರುವಿ ಹಾಕೋದು ಆಟಗಾರರ ಅತಿ ದೊಡ್ಡ ಬಲೆ. ಬಸ್ಸಲ್ಲಿ ಎರಡು ಸಲ ಓದಿದರೆ "ಗೊತ್ತು" ಅನ್ನಿಸುತ್ತೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ ಮತ್ತೆ ಮತ್ತೆ ಓದಿದವರು ಐದು ನಿಮಿಷದ ಮೇಲಿನ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ಮೇಲಿನ ಪರೀಕ್ಷೆಯಲ್ಲಿ ನೆನಪಿಸಿಕೊಂಡು ಬರೆದವರು ಮುಂದಾದರು. ಪರೀಕ್ಷೆ ಬರೋದು ಐದು ನಿಮಿಷಕ್ಕಲ್ಲ.

ಗ್ಯಾಲರಿ

ರಾತ್ರಿ ಎಚ್ಚರ ಇರೋಕೆ ಎನರ್ಜಿ ಡ್ರಿಂಕ್ ಕುಡಿಯೋ ಹುಡುಗರು ಜಾಸ್ತಿ ಆಗ್ತಿದ್ದಾರೆ, ಅದರ ಬಗ್ಗೆ ಯಾರಾದರೂ ಹೇಳಿ.

ಮಂಡಿಚಿಪ್ಪು

ಬೇಡ. ಕೆಫೀನಿನ ಅರ್ಧ ದೇಹದಿಂದ ಹೋಗೋಕೆ ಸುಮಾರು 5 ತಾಸು ಬೇಕು. ಸಂಜೆ 6ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 11ಕ್ಕೂ ಒಳಗೇ ಇರುತ್ತೆ. ಮಧ್ಯಾಹ್ನದ ಮೇಲೆ 20 ನಿಮಿಷದ ನಿದ್ದೆ ಅದಕ್ಕಿಂತ ಮೇಲು. ಅರ್ಧ ತಾಸು ದಾಟಿದರೆ ಎದ್ದಮೇಲೆ ಮಂಕು, ಅಲಾರಂ ಇಟ್ಟೇ ಮಲಗಿ.

ತರಬೇತಿ ಮುಗಿದ ಮೇಲೆ ತಲೆ ಓಡಲ್ಲ ಅನ್ನೋರಲ್ಲಿ ಎಷ್ಟೋ ಜನಕ್ಕೆ ಅದು ಬರೀ ಹಸಿವು, ನೀರಡಿಕೆ. ಕೊಳದಿಂದ ಮನೆಗೆ ಬರೋ ದಾರಿಯಲ್ಲೇ ಏನಾದರೂ ಹೊಟ್ಟೆಗೆ ಹೋಗಲಿ, ಮನೆ ಊಟಕ್ಕೆ ಕಾಯೋದು ಬೇಡ. ಹುಡುಗಿಯರಲ್ಲಿ ಮುಟ್ಟು ಮೂರು ತಿಂಗಳು ನಿಂತರೆ "ತರಬೇತಿ ಜಾಸ್ತಿ, ಹಾಗಾಗುತ್ತೆ" ಅಂತ ಸುಮ್ಮನಿರಬೇಡಿ. ಖರ್ಚಾಗುವಷ್ಟು ಶಕ್ತಿ ಊಟದಿಂದ ಬರ್ತಿಲ್ಲ ಅನ್ನೋದರ ಸೂಚನೆ ಆಗಿರಬಹುದು, ವೈದ್ಯರ ಹತ್ತಿರ ಹೋಗಬೇಕು. ಓದಿನಲ್ಲಿ ಗಮನ ತಪ್ಪೋದೂ ಅದೇ ತೊಂದರೆಯ ಭಾಗ ಆಗಿರುತ್ತೆ.

ಲೇನ್ ನಾಲ್ಕು

ಮೀಟ್ ಬಂದ ವಾರ ಶನಿವಾರ ಭಾನುವಾರದ ಏಳೂವರೆ ತಾಸು ಪೂರ್ತಿ ಹೋಗುತ್ತಲ್ಲ ಮೇಷ್ಟ್ರೇ? ಅದನ್ನ ಎಲ್ಲಿಂದ ತರೋದು?

ಚಾಕ್‌ಪೀಸ್

ಮುಂಗಡ ಕಟ್ಟಬೇಕು. ಮೀಟ್‌ಗೆ ಮುಂಚಿನ ಎರಡು ಭಾನುವಾರ ಒಂದೂವರೆ ತಾಸು ಜಾಸ್ತಿ ಓದಿದರೆ 3 ಸಿಕ್ಕಿತು. ಮೀಟ್ ಜಾಗದಲ್ಲಿ ಎರಡು ದಿನದ ಕಾಯುವ ಹೊತ್ತಲ್ಲಿ ಒಂದೂವರೆ. ಅಲ್ಲಿಗೆ ನಾಲ್ಕೂವರೆ. ಉಳಿದ 3 ತಾಸಿನ ಕೆಲಸದ ಗಡುವನ್ನ ಟೀಚರ್ ಜೊತೆ ಮೊದಲೇ ಮಾತಾಡಿ ಮುಂದಕ್ಕೆ ಹಾಕಿಸಿಕೊಳ್ಳಬೇಕು. "ವಾಪಸ್ ಬಂದು ಎಲ್ಲ ಮುಗಿಸ್ತೀನಿ" ಅನ್ನೋದು ನಡೆಯಲ್ಲ, ಮೀಟ್ ಮುಗಿದ ಸೋಮವಾರ ಮಂಗಳವಾರ ಯಾರೂ ಓದಲ್ಲ.

ಕಾಯುವ ಹೊತ್ತಿನ ಓದು ಅಂದರೆ 20 ನಿಮಿಷದ ತುಣುಕು, ಅಷ್ಟೇ. ತಮ್ಮ ರೇಸ್‌ಗೆ ಒಂದೂವರೆ ತಾಸು ಇದೆ ಅಂದಾಗ ಪುಸ್ತಕ ಒಳಗಿಡಿ. ತಗೊಂಡು ಹೋಗಬೇಕಾದ್ದು: ಒಂದೇ ವಿಷಯದ ಪ್ರಶ್ನೆ ಚೀಟಿಗಳು, ಮುಂಚೆಯೇ ಬಿಡಿಸಿಟ್ಟ ಒಂದು ಲೆಕ್ಕದ ಹಾಳೆ, ಪೆನ್ಸಿಲ್. ಕೊಳದ ಪಕ್ಕ ಇಂಕ್ ಪೆನ್ನಿನ ನೋಟ್ಸ್ ಗತಿ ಏನಾಗುತ್ತೆ ಅಂತ ಹೇಳಬೇಕಿಲ್ಲ. ಇಡೀ ಪಠ್ಯಪುಸ್ತಕಗಳ ಚೀಲ ಹೊತ್ತು ಹೋಗೋರು ಅದನ್ನ ಬಿಚ್ಚದೆ ವಾಪಸ್ ತರ್ತಾರೆ, ಜೊತೆಗೆ ಭುಜನೋವು.

ಬೆಂಚ್ ಪ್ಲೇಯರ್

ಬಸ್ಸಲ್ಲಿ ಓದಿದರೆ ವಾಕರಿಕೆ ಬರೋರಿಗೆ ಆಡಿಯೋ. ಪಾಠದ ಪ್ರಶ್ನೆಗಳನ್ನ ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ಪ್ರಶ್ನೆ ಆದಮೇಲೆ 8 ಸೆಕೆಂಡ್ ಬಿಟ್ಟು ಉತ್ತರ. ಆ ಖಾಲಿ ಜಾಗ ಇಲ್ಲದಿದ್ದರೆ ಅದು ಹಾಡು ಕೇಳಿದ ಹಾಗೆ ಆಗಿಬಿಡುತ್ತೆ.

ನನ್ನ ಪ್ರಶ್ನೆ ಬೇರೆ. ಈಜಿಗೆ ಒಬ್ಬರೇ ಕೋಚ್. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಡೋರು ಶಾಲಾ ತಂಡ, ಕ್ಲಬ್, ಆಯ್ಕೆ ಶಿಬಿರ ಅಂತ ಮೂರು ಕಡೆ ಸಿಕ್ಕಿಹಾಕಿಕೊಂಡಿರ್ತಾರೆ. ಮೂವರೂ "ನಮ್ಮಲ್ಲಿ ಬರೀ 5 ತಾಸು" ಅಂತಾರೆ. ಯಾರನ್ನ ಕೇಳೋದು?

ಸ್ಟಾಪ್‌ವಾಚ್

ಯಾರನ್ನೂ ಕೇಳಬೇಡಿ, ಬರೆದು ತೋರಿಸಿ. ಸೆಷನ್ ಮುಗಿದು ಅರ್ಧ ತಾಸಿನ ಮೇಲೆ ಆಟಗಾರರೇ ಎಷ್ಟು ಕಷ್ಟ ಆಯಿತು ಅಂತ 0ರಿಂದ 10ರೊಳಗೆ ಒಂದು ಅಂಕ ಕೊಡಲಿ. ಅದನ್ನ ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 6 ಅಂದರೆ 540. ಶಾಲೆಯ ಪಿ.ಟಿ. ಪೀರಿಯಡ್ಡೂ ಸೇರಲಿ, ಎಲ್ಲರೂ ಮರೆಯೋದು ಅದನ್ನೇ. ವಾರದ ಮೊತ್ತ ಒಂದು ಸಾಲಲ್ಲಿ. ಅದರ ಪಕ್ಕ ನಿದ್ದೆಯ ತಾಸು, ಅದರ ಪಕ್ಕ ಆ ವಾರದ ಟೆಸ್ಟ್‌ಗಳ ಸಂಖ್ಯೆ. ಮೂರೇ ಅಂಕಣ. ಈ ಹಾಳೆಯನ್ನ ಮೂವರು ಕೋಚ್‌ಗಳಿಗೂ ಕಳಿಸಿ.

ಏನು ನೋಡಬೇಕು ಅಂದರೆ: ಹಿಂದಿನ ನಾಲ್ಕು ವಾರದ ಸರಾಸರಿಗಿಂತ ಈ ವಾರ ದಿಢೀರ್ ಜಿಗಿದಿದೆಯಾ, ಮತ್ತೆ ಅದೇ ಕೆಲಸಕ್ಕೆ ಹಿಂದೆ 5 ಕೊಡ್ತಿದ್ದವರು ಈಗ 8 ಕೊಡ್ತಿದ್ದಾರಾ. ಎರಡನೆಯದು ಹೆಚ್ಚು ಮುಖ್ಯ. ಕೆಲಸ ಅಷ್ಟೇ ಇದ್ದು ಕಷ್ಟ ಏರಿದರೆ ಕಾರಣ ಮೈದಾನದ ಹೊರಗಿರುತ್ತೆ, ಮೂರನೇ ಅಂಕಣ ನೋಡಿದರೆ ಬಹಳ ಸಲ ಸಿಕ್ಕಿಬಿಡುತ್ತೆ.

ಹುಡುಗರು ಕೋಚ್ ಎದುರು ಅಂಕ ಕೊಟ್ಟರೆ ಸುಳ್ಳು ಹೇಳ್ತಾರೆ. ಮನೆಗೆ ಹೋಗಿ ಬರೆಯಲಿ.

ಮಂಡಿಚಿಪ್ಪು

ಮೂರನೇ ಅಂಕಣಕ್ಕೆ ನನ್ನದೊಂದು ಜೈ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ (ನಮ್ಮ ಫುಟ್‌ಬಾಲ್ ಅಲ್ಲ) ಆಟಗಾರರ ಮೇಲೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷೆಯ ವಾರಗಳಲ್ಲಿ ಗಾಯದ ತೊಂದರೆ ಏರಿದ್ದು ಕಂಡಿತ್ತು. ಪರೀಕ್ಷೆಯೂ ಹೊರೆಯೇ, ದೇಹ ಅದನ್ನ ಬೇರೆ ಖಾತೆಯಲ್ಲಿ ಬರೆದುಕೊಳ್ಳಲ್ಲ.

ಗ್ಯಾಲರಿ

ಅಂದರೆ ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳು ಆಟ ಪೂರ್ತಿ ನಿಲ್ಲಿಸೋದೇ ಸರಿ ಅಂತೀರಾ? ಬಹಳ ಮನೆಗಳಲ್ಲಿ ಅದೇ ನಡೆಯೋದು.

ಸ್ಟಾಪ್‌ವಾಚ್

ಖಂಡಿತ ಅಲ್ಲ ಮೇಡಂ. ಪೂರ್ತಿ ನಿಲ್ಲಿಸಿದರೆ ಎರಡು ನಷ್ಟ. ಕೆಲವೇ ವಾರಗಳಲ್ಲಿ ಸಹನಶಕ್ತಿ ಇಳಿಯುತ್ತೆ, ಮರಳಿದಾಗ ಹಳೇ ಭಾರಕ್ಕೇ ಕೈಹಾಕಿ ಪೆಟ್ಟು ಮಾಡಿಕೊಳ್ತಾರೆ. ಜೊತೆಗೆ ದಿನಾ ದಣಿದು ಮಲಗ್ತಿದ್ದ ಮೈಗೆ ನಿದ್ದೆ ಕೆಡುತ್ತೆ. ಮೀಟ್‌ಗೆ ಮುಂಚೆ ಟೇಪರ್ ಮಾಡೋದು ಎಲ್ಲರಿಗೂ ಗೊತ್ತು: ಎರಡು ವಾರ ಪ್ರಮಾಣವನ್ನ 40ರಿಂದ 60 ಪ್ರತಿಶತ ಇಳಿಸಿ, ತೀವ್ರತೆ ಹಾಗೇ ಉಳಿಸೋದು. ಅದೇ ಸೂತ್ರ ಪರೀಕ್ಷೆಗೂ ಬಳಸಿ. 16 ತಾಸಿನವರು 7ಕ್ಕೆ ಬರಲಿ: ನಾಲ್ಕು ದಿನ ತಲಾ ಒಂದೂಮುಕ್ಕಾಲು ತಾಸು, ಬೆಳಗಿನ ಸೆಷನ್ ಇಲ್ಲ. ದೂರದ ಸೆಟ್‌ಗಳು ಹೋಗಲಿ, ಚಿಕ್ಕ ವೇಗದ ಸೆಟ್‌ಗಳು ಇರಲಿ. ಮಾಡೋರು ಮಾಡೋ ತಪ್ಪು ಇದರ ಉಲ್ಟಾ. ವೇಗ ಬಿಟ್ಟು ನಿಧಾನವಾಗಿ ಅಷ್ಟೇ ದೂರ ಈಜ್ತಾರೆ. ಸಮಯವೂ ಉಳಿಯಲ್ಲ, ಫಿಟ್‌ನೆಸ್ಸೂ ಉಳಿಯಲ್ಲ.

ಭಾರ ಎತ್ತೋ ಅಭ್ಯಾಸ ವಾರಕ್ಕೆ ಒಂದೇ ಸಲ ಇದ್ದರೂ ಈ ಕೆಲವು ವಾರ ಬಲ ಹಿಡಿದು ನಿಲ್ಲುತ್ತೆ. ಪರೀಕ್ಷೆ ಮುಗಿದ ಮೊದಲ ವಾರ ಹಳೇ ಪ್ರಮಾಣದ 60 ಪ್ರತಿಶತ, ಎರಡನೇ ವಾರ 75, ಮೂರನೇ ವಾರ 90. ಪರೀಕ್ಷೆ ಮುಗಿದ ಸಂಭ್ರಮದಲ್ಲಿ ಮೊದಲ ದಿನವೇ ಪೂರ್ತಿ ಸೆಷನ್ ಕೇಳಿಕೊಂಡು ಬರ್ತಾರೆ, ಕೊಡಬೇಡಿ.

ಬೆಂಚ್ ಪ್ಲೇಯರ್

ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಎಮ್ಮಾ ರಾಡುಕಾನು 2021ರಲ್ಲಿ ಗಣಿತಕ್ಕೆ ಅತ್ಯುನ್ನತ ಗ್ರೇಡ್ ತಗೊಂಡು ಅದೇ ವರ್ಷ ಯುಎಸ್ ಓಪನ್ ಗೆದ್ದರು ಅಂತ ಎಲ್ಲ ಮಕ್ಕಳಿಗೂ ಉದಾಹರಣೆ ಕೊಡ್ತಾರೆ ನೋಡಿ...

ಚಾಕ್‌ಪೀಸ್

ಕೊಡಲಿ, ಆದರೆ ಪೂರ್ತಿ ಕೊಡಲಿ. ಆ ವರ್ಷ ಬ್ರಿಟನ್ನಿನಲ್ಲಿ ಎಂದಿನ ಪರೀಕ್ಷೆಗಳು ರದ್ದಾಗಿ ಶಿಕ್ಷಕರ ಮೌಲ್ಯಮಾಪನದ ಮೇಲೆ ಗ್ರೇಡ್ ಬಂತು. ಅವರ ಸಾಧನೆ ಅದರಿಂದ ಚಿಕ್ಕದಾಗಲ್ಲ, ಆದರೆ ಅದು ವೇಳಾಪಟ್ಟಿ ಅಲ್ಲ. ನನ್ನ ಕೇಳಿದರೆ ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿಯ ದಾರಿ ಹೆಚ್ಚು ಉಪಯೋಗದ ಉದಾಹರಣೆ. 2015ರಲ್ಲಿ ಹೈಸ್ಕೂಲ್ ಮುಗಿಸಿ, ಸ್ಟ್ಯಾನ್‌ಫರ್ಡ್ ಪ್ರವೇಶವನ್ನ ಒಂದು ವರ್ಷ ಮುಂದಕ್ಕೆ ಹಾಕಿ, 2016ರ ರಿಯೊ ಒಲಿಂಪಿಕ್ಸ್ ಮುಗಿಸಿ ಕಾಲೇಜು ಸೇರಿದರು. ಎರಡು ದೊಡ್ಡ ಕೆಲಸ ಒಂದೇ ವರ್ಷಕ್ಕೆ ಬಿದ್ದಾಗ ಒಂದನ್ನ ಸರಿಸೋದು ಸೋಲಲ್ಲ. ಆದರೆ ಪ್ರವೇಶ ಖಚಿತ ಮಾಡಿಕೊಂಡೇ ಸರಿಸಿದರು, ಅದನ್ನ ಮರೀಬೇಡಿ.

ಮಂಡಿಚಿಪ್ಪು

ಯಾರೂ ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದವರು ಮೊದಲು ಓದಿಗೆ ಮರಳಬೇಕು, ಪೂರ್ತಿ ಆಟಕ್ಕೆ ಆಮೇಲೆ. ಮೊದಲ 24ರಿಂದ 48 ತಾಸು ಮನೆಯಲ್ಲಿ ಹಗುರ ಓಡಾಟ, ಸ್ಕ್ರೀನ್ ಆದಷ್ಟೂ ಕಡಿಮೆ. ಆಮೇಲೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಓದು, ಅದು ತಡೆದರೆ ಅರ್ಧ ದಿನ ಶಾಲೆ, ಆಮೇಲೆ ಪೂರ್ತಿ ದಿನ. ಲಕ್ಷಣ ಜೋರಾದರೆ ಒಂದು ಮೆಟ್ಟಿಲು ಹಿಂದಕ್ಕೆ. ಆ ವಾರ ಟೆಸ್ಟ್ ಬರೆಸಬೇಡಿ ಅಂತ ಶಾಲೆಗೆ ವೈದ್ಯರ ಚೀಟಿ ಕೊಡಿ. ಹೊರಗೆ ಗಾಯ ಕಾಣಲ್ಲವಾದ್ದರಿಂದ ನೆಪ ಅಂದುಕೊಳ್ಳೋ ಟೀಚರ್‌ಗಳಿದ್ದಾರೆ. ಎದುರಾಳಿಯ ಮೈ ತಾಗೋ ಆಟಕ್ಕೆ ಮರಳೋದು ವೈದ್ಯರು ಒಪ್ಪಿದ ಮೇಲೆಯೇ.

ಇನ್ನೊಂದು: ಗಮನದ ಕೊರತೆಗೆ ಮೀಥೈಲ್‌ಫೆನಿಡೇಟ್ ತಗೊಳ್ಳೋ ವಿದ್ಯಾರ್ಥಿಗಳು ಡೋಪಿಂಗ್ ನಿಯಮ ಇರೋ ಮಟ್ಟಕ್ಕೆ ಏರಿದಾಗ ಅನುಮತಿ ಪತ್ರ ಬೇಕಾಗುತ್ತೆ. ಸ್ಪರ್ಧೆಯ ಸಮಯದಲ್ಲಿ ಅದು ನಿಷೇಧಿತ ಪಟ್ಟಿಯಲ್ಲಿದೆ, ಆ ಸಮಯ ಸಾಮಾನ್ಯವಾಗಿ ಹಿಂದಿನ ರಾತ್ರಿ 11:59ಕ್ಕೇ ಶುರು. ಮಾತ್ರೆ ತಾವಾಗಿ ನಿಲ್ಲಿಸಬೇಡಿ, ಅರ್ಜಿಯನ್ನ ಮುಂಚೆಯೇ ಹಾಕಿ.

ಲೇನ್ ನಾಲ್ಕು

ಕೊನೆಯದಾಗಿ ಒಂದು. ಗಡುವು ಮುಂದಕ್ಕೆ ಹಾಕಿಸಿಕೊಳ್ಳಿ ಅಂದಿರಿ. ಆ ಪತ್ರ ಯಾರು ಬರೀಬೇಕು, ಏನಿರಬೇಕು?

ಚಾಕ್‌ಪೀಸ್

ವಿದ್ಯಾರ್ಥಿಯೇ ಬರೀಬೇಕು, ಪಾಲಕರ ಸಹಿ ಕೆಳಗೆ. ಒಂದು ಪುಟ, ಮೀಟ್‌ಗೆ ನಾಲ್ಕು ವಾರ ಮುಂಚೆ. ಅದರಲ್ಲಿ: ಗೈರಾಗುವ ತಾರೀಖು ಮತ್ತು ಪೀರಿಯಡ್‌ಗಳು, ಆ ದಿನಗಳಲ್ಲಿ ನಡೆಯಬಹುದಾದ ಪಾಠ, ಪ್ರತಿಯೊಂದು ಅಸೈನ್‌ಮೆಂಟ್ ಒಪ್ಪಿಸುವ ಹೊಸ ತಾರೀಖು, ತಪ್ಪಿದ ಟೆಸ್ಟ್ ಬರೆಯೋಕೆ ಎರಡು ಪರ್ಯಾಯ ದಿನ. ಜೊತೆಗೆ ಮೀಟ್‌ನ ವೇಳಾಪಟ್ಟಿ ಲಗತ್ತಿಸಿ. "ದಯವಿಟ್ಟು ಸಹಕರಿಸಿ" ಅಂತ ಮಾತ್ರ ಇರೋ ಪತ್ರಕ್ಕೆ ಟೀಚರ್ ಏನು ಮಾಡಬೇಕು ಅಂತಲೇ ತಿಳಿಯಲ್ಲ. ತಾರೀಖು ಇದ್ದರೆ ಹೌದು ಅಥವಾ ಇಲ್ಲ ಅನ್ನಬಹುದು. ಹಾಜರಾತಿ ನಿಯಮದ ಪ್ರಕಾರ ರಜೆ ಯಾವ ಲೆಕ್ಕಕ್ಕೆ ಬರುತ್ತೆ ಅಂತ ಕಚೇರಿಯಲ್ಲಿ ಬೇರೆಯಾಗಿ ಕೇಳಿ, ಉತ್ತರವನ್ನ ಬರಹದಲ್ಲೇ ತಗೊಳ್ಳಿ.

ಗೆಳೆಯರಿಂದ 12 ಪುಟದ ನೋಟ್ಸ್ ಫೋಟೊ ತರಿಸಿಕೊಳ್ಳೋದಕ್ಕಿಂತ "ಯಾವ ಲೆಕ್ಕದಲ್ಲಿ ಕ್ಲಾಸು ಸಿಕ್ಕಿಹಾಕಿಕೊಂಡಿತು" ಅಂತ ಕೇಳಿ. ಗಣಿತ, ಭೌತವಿಜ್ಞಾನ ಒಂದರ ಮೇಲೊಂದು ನಿಂತಿರೋದರಿಂದ ಮೊದಲು ಅವು. ಬಿಡಿ ಅಧ್ಯಾಯಗಳ ವಿಷಯಗಳು ಮುಂದಿನ ಭಾನುವಾರದವರೆಗೆ ಕಾಯಬಹುದು.

ಸ್ಟಾಪ್‌ವಾಚ್

ಆಯ್ಕೆ ಆಗದೆ ಮೀಟ್ ತಪ್ಪಿದರೆ ಅದೇ ದಿನ ಟೀಚರ್‌ಗೆ ತಿಳಿಸಿ, ಹಳೇ ಗಡುವಿಗೇ ಕೆಲಸ ಒಪ್ಪಿಸಿ. ಮುಂದಿನ ಪತ್ರಕ್ಕೆ ಹೌದು ಅನ್ನೋದು ಇದರ ಮೇಲೆ ನಿಂತಿದೆ.